ಪಂಚತಾರಾ ಟೇಬಲ್ಲಿಗೆ ಪುಟಾಣಿ ಅತಿಥಿ

ಫೈನ್ ಡೈನಿಂಗ್ ಎಂಬ ಊಟದ ಪದ್ಧತಿ ದೊಡ್ಡವರ ಹೊತ್ತು, ದೊಡ್ಡವರ ಹಸಿವು, ದೊಡ್ಡವರ ತಾಳ್ಮೆಯನ್ನೇ ಲೆಕ್ಕಕ್ಕಿಟ್ಟು ಬೆಳೆದದ್ದು. ಒಂದಾದ ಮೇಲೊಂದು ಬರುವ ತಿನಿಸು, ನಡುನಡುವೆ ಮಾತಿಗೆ ಬಿಡುವು, ಮಂದ ಬೆಳಕು, ತೆಳು ಗಾಜಿನ ಲೋಟ, ಇಸ್ತ್ರಿ ಮಾಡಿದ ಬಿಳಿ ಮೇಜುಬಟ್ಟೆ, ಎಲ್ಲವೂ ಎರಡು ಗಂಟೆ ಕೂತಲ್ಲೇ ಕೂರಬಲ್ಲವರಿಗೆ ಹೇಳಿ ಮಾಡಿಸಿದ ಏರ್ಪಾಡು. ಮೂರು ವರ್ಷದ ಮಗು ಹದಿನೈದು ಇಪ್ಪತ್ತು ನಿಮಿಷ ಕೂತರೆ ಹೆಚ್ಚು. ಹಾಗಾಗಿ ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಪ್ರವಾಸ ಹೊರಟವರು ಇಂಥ ರೆಸ್ಟೋರೆಂಟುಗಳ ಬಾಗಿಲವರೆಗೂ ಹೋಗುವುದಿಲ್ಲ. ರೂಮಿಗೇ ಅನ್ನ ಮೊಸರು ತರಿಸಿಕೊಂಡು ದಿನ ಮುಗಿಸುತ್ತಾರೆ. ದೇಶದ ಹೆಸರಾಂತ ಫೈನ್ ಡೈನಿಂಗ್ ರೆಸ್ಟೋರೆಂಟುಗಳು ಅಕ್ಕಪಕ್ಕದಲ್ಲೇ ಇರುವ ದೆಹಲಿಯ ಚಾಣಕ್ಯಪುರಿಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ದೂರ ಇರಲೇಬೇಕಾದದ್ದೇನೂ ಅಲ್ಲ ಎನ್ನುವುದು ಗೊತ್ತಾಗುತ್ತದೆ. ಮಗುವಿಗೆ ಬೇಕಾದ ಬಹುಪಾಲು ತಿನಿಸು ಈ ಅಡುಗೆಮನೆಗಳಲ್ಲಿ ಈಗಾಗಲೇ ಇದೆ. ಹೊಂದಿಸಿಕೊಳ್ಳಬೇಕಾಗಿರುವುದು ಮುಖ್ಯವಾಗಿ ಗಡಿಯಾರವನ್ನು.

ಚಾಣಕ್ಯಪುರಿ 1950ರ ದಶಕದಲ್ಲಿ ರಾಯಭಾರ ಕಚೇರಿಗಳಿಗೆಂದೇ ರೂಪಿಸಿದ ಬಡಾವಣೆ. 1956ರಲ್ಲಿ ಯುನೆಸ್ಕೊದ ಮಹಾಧಿವೇಶನ ದೆಹಲಿಯಲ್ಲಿ ಸೇರುವುದಿತ್ತು. ಹೊರದೇಶದ ಪ್ರತಿನಿಧಿಗಳನ್ನು ಇಳಿಸಲು ಅಂದಿನ ಸರ್ಕಾರ ಇಲ್ಲಿ ಅಶೋಕ ಹೋಟೆಲ್ ಕಟ್ಟಿಸಿತು. ಮುಂದೆ ಸರ್ದಾರ್ ಪಟೇಲ್ ಮಾರ್ಗದಲ್ಲಿ ಐಟಿಸಿ ಮೌರ್ಯ ಮತ್ತು ತಾಜ್ ಪ್ಯಾಲೇಸ್ ಬಂದವು. 2011ರಲ್ಲಿ ಆಫ್ರಿಕಾ ಅವೆನ್ಯೂವಿನಲ್ಲಿ ಲೀಲಾ ಪ್ಯಾಲೇಸ್ ತೆರೆಯಿತು. ರಾಜತಾಂತ್ರಿಕರ ಔತಣಕ್ಕೆ ತಕ್ಕಂತೆ ಬೆಳೆದ ಈ ಬಡಾವಣೆಯಲ್ಲೇ ಮಕ್ಕಳಿಗೆ ಇಷ್ಟವಾಗುವ ಜಾಗಗಳೂ ಇವೆ. 1977ರಲ್ಲಿ ತೆರೆದ ರಾಷ್ಟ್ರೀಯ ರೈಲು ಮ್ಯೂಸಿಯಂ ಇರುವುದು ಇಲ್ಲಿಯೇ. ಪಟಿಯಾಲ ಸಂಸ್ಥಾನದ ಒಂಟಿ ಹಳಿಯ ರೈಲು, ಮಕ್ಕಳನ್ನು ಕೂರಿಸಿಕೊಂಡು ಅಂಗಳ ಸುತ್ತುವ ಪುಟ್ಟ ರೈಲು, ಇಷ್ಟನ್ನು ನೋಡುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಪಕ್ಕದಲ್ಲಿ ನೆಹರೂ ಪಾರ್ಕ್. ಸ್ವಲ್ಪ ಆಚೆಗೆ ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ ಮತ್ತು ತಾರಾಲಯ. ಕೌಟಿಲ್ಯ ಮಾರ್ಗದಲ್ಲಿರುವ ಕರ್ನಾಟಕ ಭವನದಿಂದಾಗಿ ಕನ್ನಡಿಗರಿಗೂ ಈ ಬಡಾವಣೆ ಹೊಸದಲ್ಲ. ಅಲ್ಲಿನ ಹಳೆಯ ಕಟ್ಟಡದ ಜಾಗದಲ್ಲಿ ಎದ್ದ ‘ಕಾವೇರಿ’ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಹಗಲೆಲ್ಲ ಮಕ್ಕಳ ಕಲರವ ಇರುವ ಈ ಪ್ರದೇಶದಲ್ಲಿ ರಾತ್ರಿ ಎಂಟರ ನಂತರ ದೊಡ್ಡ ರೆಸ್ಟೋರೆಂಟುಗಳೊಳಗೆ ಮಗುವಿನ ಸುಳಿವು ಕಾಣುವುದು ಅಪರೂಪ.

ಇದು ದೆಹಲಿಗಷ್ಟೇ ಸೀಮಿತವಾದ ಸಂಗತಿಯಲ್ಲ. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಹೋಟೆಲಿನಲ್ಲಿ ತಂಗಿದವರ ಮಕ್ಕಳನ್ನು ಬಿಟ್ಟರೆ ಬೇರೆ ಮಕ್ಕಳು ದೊಡ್ಡ ರೆಸ್ಟೋರೆಂಟುಗಳಿಗೆ ಕಾಲಿಡುತ್ತಿದ್ದುದು ಕಡಿಮೆ. 1920ರಲ್ಲಿ ಪಾನನಿಷೇಧ ಜಾರಿಯಾಗಿ ಮದ್ಯದ ಆದಾಯ ನಿಂತಾಗ ಮಾಲೀಕರ ಕಣ್ಣು ಕುಟುಂಬಗಳತ್ತ ಹೊರಳಿತು. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ 1921ರಲ್ಲಿ ಮಕ್ಕಳಿಗೆಂದೇ ಬೇರೆ ಮೆನು ಅಚ್ಚು ಹಾಕಿಸಿತು. ಆದರೆ ಆ ಮೆನುವಿನಲ್ಲಿದ್ದದ್ದು ಅಂದಿನ ವೈದ್ಯರು ಬರೆದುಕೊಟ್ಟ ಪಥ್ಯದಂಥ ಸಪ್ಪೆ ಊಟ. ಮಕ್ಕಳಿಗೆ ಬಾಗಿಲು ತೆರೆಯಿತು, ನಾಲಗೆಗೆ ಮಾತ್ರ ಏನೂ ಸಿಗಲಿಲ್ಲ. ಜಪಾನಿನ ದಾರಿ ಬೇರೆಯಾಗಿತ್ತು. ಟೋಕಿಯೊದ ಮಿತ್ಸುಕೋಶಿ ಮಳಿಗೆಯ ಊಟದ ಮನೆ 1930ರಲ್ಲಿ ಮಕ್ಕಳ ತಟ್ಟೆಯೊಂದನ್ನು ಹೊರತಂದಿತು. ಬೆಟ್ಟದಾಕಾರಕ್ಕೆ ಒತ್ತಿದ ಅನ್ನ, ನೆತ್ತಿಯಲ್ಲೊಂದು ಪುಟ್ಟ ಬಾವುಟ, ಸುತ್ತ ಚೂರುಚೂರೇ ಹಲವು ಬಗೆ. ಆ ತಟ್ಟೆ ಇಂದಿಗೂ ಅಲ್ಲಿನ ಮಕ್ಕಳಿಗೆ ಅಚ್ಚುಮೆಚ್ಚು. ದಕ್ಷಿಣ ಕೊರಿಯಾದಲ್ಲಿ ಇತ್ತೀಚೆಗೆ ‘ಮಕ್ಕಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡುಗಳು ಹೆಚ್ಚಾದವು. 13 ವರ್ಷದೊಳಗಿನವರನ್ನು ಹೊರಗಿಟ್ಟ ಜೆಜು ದ್ವೀಪದ ರೆಸ್ಟೋರೆಂಟೊಂದರ ಕ್ರಮ ತಾರತಮ್ಯ ಎಂದು ಅಲ್ಲಿನ ಮಾನವ ಹಕ್ಕುಗಳ ಆಯೋಗ 2017ರಲ್ಲಿ ಹೇಳಿತು.

ಕರ್ನಾಟಕದ ಹೋಟೆಲುಗಳಲ್ಲಿ ಮಗು ಎಂದೂ ಪ್ರಶ್ನೆಯಾಗಿರಲಿಲ್ಲ. ಹಳೆಯ ಉಡುಪಿ ಹೋಟೆಲುಗಳ ಫ್ಯಾಮಿಲಿ ರೂಮಿನಲ್ಲಿ ಪರದೆ ಎಳೆದುಕೊಂಡು ತಾಯಂದಿರು ನಿರುಮ್ಮಳವಾಗಿ ಮಗುವಿಗೆ ತಿನ್ನಿಸುತ್ತಿದ್ದರು. ಖಾರವಿಲ್ಲದ ಇಡ್ಲಿ, ಸಕ್ಕರೆ ಉದುರಿಸಿದ ಸಾದಾ ದೋಸೆ, ಆರಿಸಿದ ಹಾಲು ಕೇಳಿದ ಐದು ನಿಮಿಷಕ್ಕೆ ಟೇಬಲ್ಲಿಗೆ ಬರುತ್ತಿತ್ತು. ದೋಸೆಯನ್ನು ಟೋಪಿಯ ಹಾಗೆ ಸುತ್ತಿ ನಿಲ್ಲಿಸಿ ಕೊಡುವ ಜಾಣತನಕ್ಕೆ ಯಾವ ಹೋಟೆಲ್ ಮ್ಯಾನೇಜ್‌ಮೆಂಟ್ ಪಾಠವೂ ಬೇಕಾಗಿರಲಿಲ್ಲ. ಈ ಪದ್ಧತಿಯನ್ನು ದೆಹಲಿಯಲ್ಲಿ ಬೇರೂರಿಸಿದವರಲ್ಲಿ ಕಾರ್ಕಳ ಮೂಲದ ಜಯರಾಮ ಬನಾನ್ ಪ್ರಮುಖರು. ಹುಡುಗನಾಗಿದ್ದಾಗಲೇ ಊರು ಬಿಟ್ಟು, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವುದರಿಂದ ಆರಂಭಿಸಿದ ಅವರು 1986ರಲ್ಲಿ ಡಿಫೆನ್ಸ್ ಕಾಲೊನಿಯಲ್ಲಿ ‘ಸಾಗರ್’ ತೆರೆದರು. ಅದು ‘ಸಾಗರ್ ರತ್ನ’ವಾಗಿ ಉತ್ತರ ಭಾರತದುದ್ದಕ್ಕೂ ಹಬ್ಬಿತು, ಚಾಣಕ್ಯಪುರಿಯ ಅಶೋಕ ಹೋಟೆಲಿನೊಳಗೂ ಅದರ ಶಾಖೆ ನಡೆಯಿತು. ಪಂಚತಾರಾ ಕಟ್ಟಡದಲ್ಲಿ ಇಡ್ಲಿ ಸಾಂಬಾರ್ ಸಿಕ್ಕಾಗ ಉತ್ತರದ ಮಕ್ಕಳೂ ಅದಕ್ಕೆ ಒಗ್ಗಿಕೊಂಡರು. ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ ಕರಾವಳಿ ರೆಸ್ಟೋರೆಂಟ್ ಫೈನ್ ಡೈನಿಂಗ್ ದರ್ಜೆಯದ್ದೇ. ಆದರೆ ಕರಾವಳಿಯ ಮನೆಗಳ ಅಡುಗೆಯನ್ನೇ ಆಧರಿಸಿದ್ದರಿಂದ ಅಲ್ಲಿ ಆಪ್ಪ, ನೀರುದೋಸೆ ಮುರಿದು ತಿನ್ನುವ ಮಗು ಪರಕೀಯವಾಗಿ ಕಾಣುವುದಿಲ್ಲ. ಮನೆಯ ಊಟಕ್ಕೆ ಹತ್ತಿರವಾದಷ್ಟೂ ರೆಸ್ಟೋರೆಂಟು ಮಗುವಿಗೂ ಹತ್ತಿರವಾಗುತ್ತದೆ.

ಬುಖಾರಾದ ಏಪ್ರನ್

ದೊಡ್ಡ ರೆಸ್ಟೋರೆಂಟೂ ಮಗುವಿಗೆ ಹತ್ತಿರವಾಗಬಲ್ಲದು ಎಂಬ ಮಾತಿಗೆ ಚಾಣಕ್ಯಪುರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಐಟಿಸಿ ಮೌರ್ಯದ ಬುಖಾರಾ. 1970ರ ದಶಕದ ಕೊನೆಯಲ್ಲಿ ಆರಂಭವಾದ ಈ ತಂದೂರಿ ರೆಸ್ಟೋರೆಂಟಿನ ಖ್ಯಾತಿ ಲೋಕವ್ಯಾಪಿ. 2000ದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಇಲ್ಲಿ ಉಂಡಿದ್ದರು, ಅವರ ಹೆಸರಿನ ಊಟದ ತಟ್ಟೆಯೂ ಹುಟ್ಟಿಕೊಂಡಿತು. ಇಷ್ಟು ಹೆಸರಿನ ರೆಸ್ಟೋರೆಂಟು ಎಂದರೆ ಮಕ್ಕಳನ್ನು ಕರೆದೊಯ್ಯಲು ಅಂಜಿಕೆಯಾಗುವುದು ಸಹಜ. ಆದರೆ ಅಲ್ಲಿನ ರೀತಿ ರಿವಾಜುಗಳನ್ನು ಒಂದೊಂದಾಗಿ ನೋಡಿದರೆ ಅವು ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದಂತಿವೆ.

ಅಲ್ಲಿ ಚಮಚ, ಮುಳ್ಳುಚಮಚ, ಚಾಕುಗಳ ಸಾಲು ಇರುವುದಿಲ್ಲ. ವಾಯವ್ಯ ಗಡಿನಾಡಿನ ಪದ್ಧತಿಯಂತೆ ಕೈಯಲ್ಲೇ ತಿನ್ನಬೇಕು. ಕೂತ ಕೂಡಲೇ ಕತ್ತಿಗೆ ಚೌಕುಳಿ ಬಟ್ಟೆಯ ಏಪ್ರನ್ ಕಟ್ಟುತ್ತಾರೆ. ರಾಷ್ಟ್ರಾಧ್ಯಕ್ಷರಿಗೂ ಅದೇ, ಮಂತ್ರಿಗೂ ಅದೇ. ಮೈಮೇಲೆ ಚೆಲ್ಲಿಕೊಳ್ಳುವ ಮಗುವಿಗೆ ಬೇರೆಡೆ ಆಗುವ ಮುಜುಗರ ಇಲ್ಲಿ ಇಲ್ಲ, ಅಪ್ಪ ಅಮ್ಮನೂ ಬಿಬ್ ಕಟ್ಟಿಕೊಂಡೇ ಕೂತಿರುತ್ತಾರೆ. ಮೇಜುಬಟ್ಟೆ ಹಾಸದ ದಪ್ಪ ಮರದ ಟೇಬಲ್ಲು, ತಗ್ಗಾದ ಮೋಟು ಸ್ಟೂಲುಗಳು. ಎಳೆದು ಬೀಳಿಸುವಂಥದ್ದು ಕಡಿಮೆ. ಗಾಜಿನಾಚೆ ಅಡುಗೆಮನೆ ಪೂರ್ತಿ ಕಾಣುತ್ತದೆ. ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಅಂಗೈಗೆ ತಟ್ಟಿ ಹಿಗ್ಗಿಸುವುದು, ಗದ್ದಿ ಎಂಬ ಬಟ್ಟೆಯ ಮೆತ್ತೆಯ ಮೇಲೆ ಹರಡಿ ತಂದೂರಿನ ಒಳಗೋಡೆಗೆ ಬಡಿಯುವುದು, ಉಬ್ಬಿದ ನಾನನ್ನು ಉದ್ದ ಸಲಾಕೆಯಿಂದ ಕಿತ್ತು ತೆಗೆಯುವುದು, ಕೆಂಡದ ಬೆಳಕಿನಲ್ಲಿ ಸೀಖಿನ ಕಬಾಬು ತಿರುಗುವುದು. ನಾಲ್ಕು ವರ್ಷದ ಮಗುವಿನ ಕೈಗೆ ಮೊಬೈಲು ಕೊಡದೆ ಹತ್ತು ನಿಮಿಷ ಹಿಡಿದು ಕೂರಿಸಲು ಇದಕ್ಕಿಂತ ಒಳ್ಳೆಯ ಆಟ ಇಲ್ಲ.

ತಿನಿಸಿನ ವಿಷಯಕ್ಕೆ ಬಂದರೂ ಹಾಗೆಯೇ. ಇಡೀ ಟೇಬಲ್ಲಿಗೆ ಸಾಲುವ ಭಾರೀ ಗಾತ್ರದ ನಾನ್ ಬಂದಾಗ ಮಕ್ಕಳ ಕಣ್ಣರಳುತ್ತದೆ. ಅದನ್ನು ಹರಿದುಕೊಳ್ಳುವುದೇ ಅವರಿಗೊಂದು ಸಂಭ್ರಮ. ಇಡಿ ಉದ್ದಿನಕಾಳನ್ನು ರಾತ್ರಿಯಿಡೀ ತಂದೂರಿನ ಕಾವಿನಲ್ಲಿ ಬೇಯಿಸಿ, ಟೊಮೆಟೊ, ಬೆಣ್ಣೆ, ಕೆನೆ ಸೇರಿಸಿದ ದಾಲ್ ಬುಖಾರಾ ನುಣ್ಣಗೆ, ಮೆತ್ತಗೆ ಇರುತ್ತದೆ. ಸಾರನ್ನ ಉಂಡು ಬೆಳೆದ ಕನ್ನಡದ ಮಗುವೂ ಅದನ್ನು ಬೇಡ ಎನ್ನುವುದಿಲ್ಲ. ಬೆಣ್ಣೆ ಕೆನೆ ಹೆಚ್ಚಿರುವುದರಿಂದ ಎಳೆಯರಿಗೆ ನಾಲ್ಕಾರು ತುತ್ತು ಸಾಕು. ಮಾಂಸ ತಿನ್ನುವ ಮನೆಯವರಾದರೆ ಖಾರ ಕಡಿಮೆಯ ಮುರ್ಗ್ ಮಲಾಯಿ ಕಬಾಬ್ ಇದೆ. ಕೊನೆಗೆ ಫಿರ್ನಿ, ಕುಲ್ಫಿ.

ಅದೇ ಹೋಟೆಲಿನ ದಮ್ ಪುಖ್ತ್ ಇನ್ನೊಂದು ಬಗೆ. 2016ರಲ್ಲಿ ಪದ್ಮಶ್ರೀ ಪಡೆದ ಬಾಣಸಿಗ ಇಮ್ತಿಯಾಜ್ ಖುರೇಷಿ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ರೆಸ್ಟೋರೆಂಟಿನ ಠೀವಿ ಅರಮನೆಯದ್ದು. ಇಲ್ಲಿ ಚಿಕ್ಕ ಮಗುವಿಗೆ ಕಷ್ಟ ಹೆಚ್ಚು. ಆದರೂ ಹಿಟ್ಟಿನ ಅಂಚು ಒತ್ತಿ ಮುಚ್ಚಿದ ಬಿರಿಯಾನಿಯ ಮುಚ್ಚಳ ಟೇಬಲ್ಲಿನ ಮುಂದೆ ಬಿರಿದು ಹಬೆ ಎದ್ದಾಗ ಯಾವ ಮಗುವಾದರೂ ಒಂದು ಕ್ಷಣ ಸುಮ್ಮನಾಗುತ್ತದೆ. ಲಖನೌದ ಗಲೌಟಿ ಕಬಾಬ್ ಹಲ್ಲು ಬಿದ್ದ ನವಾಬನಿಗಾಗಿ ಹುಟ್ಟಿತು ಎಂಬ ಕಥೆ ಇದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಆ ಮೃದುತ್ವ ಹಲ್ಲು ಬರುತ್ತಿರುವವರಿಗೂ ಸೈ. ಮಸಾಲೆ ತಗ್ಗಿಸಿ ಕೊಡುವ ಮನಸ್ಸು ಅಡುಗೆಮನೆಗೆ ಇರಬೇಕು ಅಷ್ಟೆ.

ಏಳು ಗಂಟೆಯ ಊಟ

ಮಗುವಿನ ಜತೆಗಿನ ಊಟ ಕೆಡುವುದು ಬಹುತೇಕ ಹೊತ್ತಿನ ಕಾರಣದಿಂದ. ಹಗಲಿಡೀ ಸುತ್ತಿದ ಮಗುವಿಗೆ ಆರೂವರೆಗೆ ಹಸಿವು, ಎಂಟೂವರೆಗೆ ನಿದ್ದೆ. ದೆಹಲಿಯ ಉಳ್ಳವರು ಊಟಕ್ಕೆ ಹೊರಡುವುದೇ ಒಂಬತ್ತರ ಹೊತ್ತಿಗೆ. ಫೈನ್ ಡೈನಿಂಗ್ ರೆಸ್ಟೋರೆಂಟುಗಳ ಬಾಗಿಲು ಸಾಮಾನ್ಯವಾಗಿ ತೆರೆಯುವುದು ಏಳಕ್ಕೆ. ಆ ಏಳರಿಂದ ಎಂಟೂಕಾಲಿನವರೆಗೆ ಒಳಗೆ ಹೆಚ್ಚಿನ ಟೇಬಲ್ಲುಗಳು ಖಾಲಿ, ಅಡುಗೆಮನೆಯ ಮೇಲೆ ಒತ್ತಡವಿಲ್ಲ, ಸ್ಟೀವರ್ಡುಗಳ ಕೈ ಬಿಡುವಾಗಿರುತ್ತದೆ. ಮಕ್ಕಳಿರುವ ಕುಟುಂಬಕ್ಕೆ ಪ್ರಶಸ್ತ ವೇಳೆ ಇದೇ. ಬುಖಾರಾ ಬಹುಕಾಲದಿಂದ ಸಂಜೆಯ ಮೊದಲ ಹೊತ್ತಿಗೆ ಮಾತ್ರ ಟೇಬಲ್ ಕಾಯ್ದಿರಿಸಿಕೊಡುತ್ತದೆ, ಆಮೇಲೆ ಬಂದವರು ಸರದಿಯಲ್ಲಿ ಕಾಯಬೇಕು. ಮಗುವನ್ನು ಎತ್ತಿಕೊಂಡು ಲಾಬಿಯಲ್ಲಿ ಮುಕ್ಕಾಲು ಗಂಟೆ ಕಾಯುವ ಫಜೀತಿ ಬೇಡದವರು ಏಳಕ್ಕೇ ಟೇಬಲ್ ಹೇಳಿಡುವುದು ಜಾಣತನ. ಅರ್ಧ ಖಾಲಿ ಇರುವ ಆ ಒಂದೂಕಾಲು ಗಂಟೆಯನ್ನು ಹೋಟೆಲುಗಳು ‘ಕುಟುಂಬದ ಹೊತ್ತು’ ಎಂದು ಬಹಿರಂಗವಾಗಿ ಹೇಳಿಕೊಂಡರೆ ಅವಕ್ಕೂ ವ್ಯಾಪಾರ, ತಡವಾಗಿ ಬರುವ ಉಳಿದ ಅತಿಥಿಗಳಿಗೂ ನೆಮ್ಮದಿ.

ಮಧ್ಯಾಹ್ನದ ಊಟ ಇದಕ್ಕಿಂತಲೂ ಸಲೀಸು. ಬೆಳಕಿರುತ್ತದೆ, ಗದ್ದಲವಿರುವುದಿಲ್ಲ, ಉಂಡ ಮಗು ಹೋಟೆಲಿಗೆ ಮರಳುವ ಕಾರಿನಲ್ಲೇ ಮಲಗುತ್ತದೆ. ದೆಹಲಿಯ ಚಳಿಗಾಲದ ಬಿಸಿಲು ಹಿತ, ಲಾನಿನಲ್ಲಿ ಹಾಕಿದ ಟೇಬಲ್ಲು ಮಕ್ಕಳಿಗೆ ಪ್ರಿಯ ಎಂಬುದೂ ನಿಜ. ಆದರೆ ನವೆಂಬರಿನಿಂದ ಜನವರಿವರೆಗೆ ರಾಜಧಾನಿಯ ಗಾಳಿ ಎಳೆಯ ಶ್ವಾಸಕೋಶಕ್ಕೆ ಒಗ್ಗುವಂಥದ್ದಲ್ಲ. ಆ ತಿಂಗಳುಗಳಲ್ಲಿ ಹೊರಗಿನ ಟೇಬಲ್ಲಿನ ಆಸೆ ಬಿಟ್ಟು ಒಳಗೆ ಕೂರುವುದೇ ಸರಿ.

ಹೊತ್ತಿನ ಲೆಕ್ಕ ಟೇಬಲ್ಲಿಗೆ ಕೂತ ಮೇಲೂ ಮುಂದುವರಿಯುತ್ತದೆ. ಮೊದಲ ಹತ್ತು ನಿಮಿಷದೊಳಗೆ ಮಗುವಿನ ಬಾಯಿಗೆ ಏನಾದರೂ ಬೀಳಬೇಕು. ಬಡಿಸುವವರ ಮೇಲ್ವಿಚಾರಕನಾದ ಅನುಭವಿ ಕ್ಯಾಪ್ಟನ್ ದೊಡ್ಡವರ ಕೈಗೆ ಮೆನು ಕೊಡುವ ಮೊದಲೇ ಮಗುವಿನ ಆರ್ಡರ್ ಕೇಳಿ ಅದಕ್ಕೊಂದು ಪ್ರತ್ಯೇಕ ಆರ್ಡರ್ ಚೀಟಿ (ಕೆಒಟಿ) ಹರಿದು ಅಡುಗೆಮನೆಗೆ ಕಳಿಸುತ್ತಾನೆ. ತಂದೂರಿನಲ್ಲಿ ಒಂದು ಸಾದಾ ನಾನ್ ಬೇಯಲು ಎರಡು ಮೂರು ನಿಮಿಷ ಸಾಕು. ಬಿಸಿ ನಾನಿನ ತುಂಡೊಂದು ಬಂದರೆ ಅರ್ಧ ಯುದ್ಧ ಗೆದ್ದಂತೆ. ಆಮೇಲಿನ ಹಂತಗಳನ್ನೂ ಒಂದು ಹೆಜ್ಜೆ ಮುಂದಕ್ಕೆ ಸರಿಸಬೇಕು. ದೊಡ್ಡವರ ಸ್ಟಾರ್ಟರಿನ ಜತೆಗೆ ಮಗುವಿನ ಊಟ, ದೊಡ್ಡವರ ಊಟದ ಜತೆಗೆ ಮಗುವಿನ ಐಸ್‌ಕ್ರೀಮು. ಇಷ್ಟು ಮಾಡಿದರೆ ತಂದೆ ತಾಯಿಗೆ ತಮ್ಮ ತಟ್ಟೆಯನ್ನು ಬಿಸಿ ಇರುವಾಗಲೇ ಉಣ್ಣುವ ಭಾಗ್ಯ ಸಿಗುತ್ತದೆ. ಬಿಲ್ಲು ಕೇಳುವ ಮೊದಲೇ ಸಿದ್ಧವಾಗಿರಬೇಕು, ಉಳಿದ ದಾಲ್ ಕಟ್ಟಿಸಿಕೊಡಲು ಮುಖ ಸಿಂಡರಿಸಬಾರದು. ಮದುವೆ ಮನೆಯಲ್ಲಿ ಮಕ್ಕಳನ್ನು ಮೊದಲ ಪಂಕ್ತಿಗೇ ಕೂರಿಸಿ ಉಣ್ಣಿಸುವ ಕನ್ನಡದ ಹಿರಿಯರು ಈ ಶಾಸ್ತ್ರವನ್ನು ಯಾವಾಗಲೋ ಕಂಡುಕೊಂಡಿದ್ದರು.

ಮಕ್ಕಳ ಮೆನುವಿನ ಗೋಳು

ಕುಟುಂಬಸ್ನೇಹಿ ಎಂದು ಹೇಳಿಕೊಳ್ಳುವ ಹೆಚ್ಚಿನ ಪಂಚತಾರಾ ಹೋಟೆಲುಗಳು ಮಾಡುವ ಮೊದಲ ಕೆಲಸ ಮಕ್ಕಳ ಮೆನು. ಅದರಲ್ಲಿರುವುದು ಫ್ರೆಂಚ್ ಫ್ರೈಸ್, ಚೀಸ್ ಪಿಜ್ಜಾ, ಚಿಕನ್ ನಗೆಟ್ಸ್, ವೈಟ್ ಸಾಸ್ ಪಾಸ್ತಾ. ದೇಶದ ಅತ್ಯುತ್ತಮ ಬಾಣಸಿಗರಿರುವ ಅಡುಗೆಮನೆಯಿಂದ ಮಗುವಿಗೆ ಸಿಗುವುದು ಫ್ರೀಜರಿನ ಪೊಟ್ಟಣದ ತಿನಿಸು! ಇದು ಮಗುವಿಗೆ ಮಾಡುವ ಅನ್ಯಾಯ. ಎಂಟು ಹತ್ತು ವರ್ಷದವರೆಗೂ ಅದೇ ನಾಲ್ಕು ಐಟಂ ತಿಂದ ಮಗು ಬೇರೆ ರುಚಿಗೆ ನಾಲಗೆ ಚಾಚುವುದಿಲ್ಲ. ಇದಕ್ಕಿಂತ ಮೇಲಾದದ್ದು ದೊಡ್ಡವರ ಮೆನುವಿನಲ್ಲಿರುವುದನ್ನೇ ಅರ್ಧ ಪ್ಲೇಟು, ಕಾಲು ಪ್ಲೇಟಿನಲ್ಲಿ, ಖಾರ ಉಪ್ಪು ತಗ್ಗಿಸಿ, ಅರ್ಧ ಬೆಲೆಗೆ ಕೊಡುವುದು. ಪನೀರ್ ಟಿಕ್ಕಾದ ಎರಡು ತುಂಡು, ಒಂದು ಬಟ್ಟಲು ದಾಲ್, ಜೀರಿಗೆ ಅನ್ನ, ಸೌತೆಕಾಯಿ ಹೋಳು. ಕರ್ನಾಟಕದಿಂದ ಬಂದ ಮಗುವಿಗೆ ಮೊಸರು ಮತ್ತು ಬಿಳಿ ಅನ್ನ ಇಲ್ಲದ ಅಡುಗೆಮನೆ ದೆಹಲಿಯಲ್ಲಿ ಯಾವುದೂ ಇಲ್ಲ. ಕೇಳಬೇಕು, ಕೇಳಿದಾಗ ‘ಮೆನುವಿನಲ್ಲಿಲ್ಲ’ ಎನ್ನಬಾರದು.

ಎಳೆಯರ ಊಟದಲ್ಲಿ ಅಡುಗೆಮನೆ ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕಾದ ವಿಷಯಗಳೂ ಇವೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಕೂಡದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಗರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ಗಂಭೀರ ಕಾಯಿಲೆ ತರುತ್ತವೆ. ಐದು ವರ್ಷದೊಳಗಿನವರಿಗೆ ಇಡಿಯಾದ ಗೋಡಂಬಿ, ಬಾದಾಮಿ, ಉರುಟಾದ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಫಿರ್ನಿಯ ಮೇಲೆ ಉದುರಿಸುವ ಪಿಸ್ತಾ ಸಣ್ಣಗೆ ಹೆಚ್ಚಿರಬೇಕು, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಕೊಡಬೇಕು. ಮೊಘಲಾಯಿ ಅಡುಗೆಯ ಬಿಳಿ ಗ್ರೇವಿಗಳು ನೋಡಲು ಸೌಮ್ಯ, ಒಳಗೆ ಅರೆದ ಗೋಡಂಬಿ ಇರುತ್ತದೆ. ಬೀಜಗಳ ಅಲರ್ಜಿ ಇರುವ ಮಗುವಿಗೆ ಇದು ತಿಳಿಯದೇ ಆಗುವ ಅನಾಹುತ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳು ಕೇಂದ್ರ ಪರವಾನಗಿ ಪಡೆದ ಅಥವಾ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಆಹಾರೋದ್ಯಮಗಳು ಮೆನುವಿನಲ್ಲಿ ಕ್ಯಾಲೊರಿಯ ಜತೆಗೆ ಅಲರ್ಜಿಕಾರಕಗಳ ಮಾಹಿತಿಯನ್ನೂ ಒದಗಿಸಬೇಕು ಎನ್ನುತ್ತವೆ. ಮೆನುವಿನಲ್ಲಿ ಅಚ್ಚಾಗಿರುವ ಚಿಹ್ನೆ ನೋಡಿ ಸುಮ್ಮನಾಗದೆ, ಬಾಯಿಬಿಟ್ಟು ಶೆಫ್‌ಗೇ ಹೇಳಿ ಕಳಿಸುವುದು ಕ್ಷೇಮ.

ಕುರ್ಚಿ, ಟೇಬಲ್, ಬಾತ್‌ರೂಮು

ಎತ್ತರದ ಕುರ್ಚಿ ಒಂದಿದ್ದರೆ ಮಕ್ಕಳ ವ್ಯವಸ್ಥೆ ಮುಗಿಯಿತು ಎಂದುಕೊಂಡ ಹೋಟೆಲುಗಳೇ ಹೆಚ್ಚು. ಆ ಕುರ್ಚಿಗೆ ಸೊಂಟದ ಪಟ್ಟಿ ಇದೆಯೇ, ಟೇಬಲ್ಲಿನ ಅಂಚಿಗೆ ಸರಿಯಾಗಿ ಬರುತ್ತದೆಯೇ ಎಂಬುದು ಮುಖ್ಯ. ನಾರ್ವೆಯ ಪೀಟರ್ ಓಪ್ಸ್‌ವಿಕ್ 1972ರಲ್ಲಿ ವಿನ್ಯಾಸಗೊಳಿಸಿದ ಟ್ರಿಪ್ ಟ್ರಾಪ್ ಕುರ್ಚಿಯ ಹಿಂದಿದ್ದ ಯೋಚನೆ ಬಹಳ ಸರಳವಾದದ್ದು: ಪಾದವಿಡಲು ಹಲಗೆ ಇದ್ದು, ದೊಡ್ಡವರ ಟೇಬಲ್ಲಿಗೇ ಸರಿಸಮನಾಗಿ ಕೂತರೆ ಮಗು ನೆಮ್ಮದಿಯಾಗಿರುತ್ತದೆ. ಬಹಳ ಹೋಟೆಲುಗಳಲ್ಲಿ ಮಗುವನ್ನು ಟ್ರೇ ಇರುವ ಕುರ್ಚಿಯಲ್ಲಿ ಟೇಬಲ್ಲಿನಿಂದ ಒಂದಡಿ ಹಿಂದಕ್ಕೆ, ಸ್ಟೀವರ್ಡುಗಳು ಓಡಾಡುವ ದಾರಿಯಲ್ಲೇ ಕೂರಿಸುತ್ತಾರೆ. ಬಿಸಿ ಕೆಟಲ್, ಸಿಜ್ಲರ್ ತಟ್ಟೆ ಹಿಡಿದು ಬರುವವರ ಮೊಣಕೈ ಎತ್ತರಕ್ಕೆ ಮಗುವಿನ ತಲೆ ಇರುತ್ತದೆ. ಇದು ತಪ್ಪಬೇಕು.

ಒಳ್ಳೆಯ ಕ್ಯಾಪ್ಟನ್ ಟೇಬಲ್ ಸಜ್ಜು ಮಾಡುವ ರೀತಿ ನೋಡಿದರೆ ಗೊತ್ತಾಗುತ್ತದೆ. ಮೊದಲು ಗೋಡೆಬದಿಯ, ಸಾಧ್ಯವಾದರೆ ಮೂಲೆಯ ಟೇಬಲ್ ಆರಿಸುತ್ತಾನೆ. ಮಗುವಿನ ಕೈಗೆ ಎಟಕುವಷ್ಟು ದೂರದಲ್ಲಿರುವ ಚಾಕು, ಮೇಣದಬತ್ತಿ, ಹೂದಾನಿ, ವೈನ್ ಲೋಟಗಳನ್ನು ಮಾತಾಡುತ್ತಲೇ ಎತ್ತಿಬಿಡುತ್ತಾನೆ. ಇಳಿಬಿದ್ದ ಮೇಜುಬಟ್ಟೆಯ ಅಂಚನ್ನು ಮಗು ಕೂತ ಬದಿಯಲ್ಲಿ ಒಳಮಡಚುತ್ತಾನೆ. ಸ್ಟೀಲಿನ ಲೋಟದಲ್ಲಿ ಅರ್ಧದಷ್ಟು ಮಾತ್ರ ನೀರು ತರಿಸುತ್ತಾನೆ. ಕಾಫಿ, ಸೂಪುಗಳನ್ನು ಮಗುವಿನ ತಲೆ ಮೇಲಿಂದ ದಾಟಿಸದೆ ಆಚೆ ಬದಿಯಿಂದ ಬಡಿಸುವಂತೆ ಸ್ಟೀವರ್ಡಿಗೆ ಕಣ್ಸನ್ನೆ ಮಾಡುತ್ತಾನೆ. ಈ ಎಲ್ಲದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ, ಒಂದು ರೂಪಾಯಿ ಖರ್ಚೂ ಇಲ್ಲ. ಕಲಿಸಿದರೆ ಬರುವ ಕೆಲಸ ಇದು. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ವೈನ್ ಬಗ್ಗಿಸುವ ಪರಿಗೆ ಕೊಡುವ ಪ್ರಾಮುಖ್ಯದ ಕಾಲುಭಾಗ ಇದಕ್ಕೆ ಸಿಕ್ಕರೂ ಬಹಳ ಬದಲಾವಣೆ ಆದೀತು.

ಬಾತ್‌ರೂಮಿನ ವಿಷಯವನ್ನು ಯಾರೂ ಬರೆಯುವುದಿಲ್ಲ, ಆದರೆ ತಾಯಂದಿರು ಮೊದಲು ವಿಚಾರಿಸುವುದೇ ಅದನ್ನು. ಡೈಪರ್ ಬದಲಿಸಲು ಮಡಚುವ ಹಲಗೆ ಹೆಂಗಸರ ಬಾತ್‌ರೂಮಿನಲ್ಲಿ ಅಲ್ಲಲ್ಲಿ ಸಿಗುತ್ತದೆ, ಗಂಡಸರ ಕಡೆ ಹುಡುಕಿದರೂ ಇರುವುದಿಲ್ಲ. ಅಪ್ಪಂದಿರೂ ಡೈಪರ್ ಬದಲಿಸುವ ಈ ಕಾಲದಲ್ಲಿ ಎರಡೂ ಕಡೆ ಇರಬೇಕು. ಗಾಲಿಕುರ್ಚಿಗೆಂದು ಹಾಕಿದ ಇಳಿಜಾರು ಮಗುವಿನ ತಳ್ಳುಗಾಡಿಗೂ ಆಗುತ್ತದೆ. ಆ ಗಾಡಿಯನ್ನು ಮಡಚಿಡಲು ಬಾಗಿಲ ಬಳಿ ಒಂದು ಜಾಗ ಬೇಕು. ಇನ್ನು ಹಾಲೂಡಿಸುವ ವಿಚಾರ. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2025ರ ಫೆಬ್ರುವರಿಯಲ್ಲಿ, ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಮತ್ತು ಮಕ್ಕಳ ಆರೈಕೆಯ ಕೋಣೆಗಳಿರಬೇಕು, ಹೊರಗೆ ಹಾಲೂಡಿಸುವ ತಾಯಿಯನ್ನು ಕೀಳಾಗಿ ಕಾಣಕೂಡದು ಎಂಬ ನಿಲುವು ತಳೆಯಿತು. ಹಲವು ಔತಣ ಸಭಾಂಗಣಗಳಿರುವ ಹೋಟೆಲುಗಳಿಗೆ ಒಂದು ಪುಟ್ಟ ಕೋಣೆ ಭಾರವಲ್ಲ. ಅಲ್ಲಿಯವರೆಗೆ ತಾಯಿ ತನ್ನ ಟೇಬಲ್ಲಿನಲ್ಲೇ ಸೆರಗು ಮರೆ ಮಾಡಿಕೊಂಡು ಹಾಲೂಡಿಸಿದರೆ ಯಾವ ಸ್ಟೀವರ್ಡೂ ಬಂದು ‘ಮೇಡಂ, ಆ ಕಡೆ ಹೋಗಿ’ ಎನ್ನಬಾರದು.

ಉಳಿದ ಅತಿಥಿಗಳ ಮಾತೂ ಇದೆ. ಮದುವೆ ವಾರ್ಷಿಕೋತ್ಸವಕ್ಕೆ ದುಡ್ಡು ಕೂಡಿಟ್ಟು ಬಂದ ಗಂಡ ಹೆಂಡತಿಗೆ ಪಕ್ಕದ ಟೇಬಲ್ಲಿನ ಚೀರಾಟ ಬೇಡ, ಅವರ ಬೇಸರ ನ್ಯಾಯವಾದದ್ದು. ದೆಹಲಿಯ ಕೆಲವು ರೆಸ್ಟೋರೆಂಟುಗಳು ರಾತ್ರಿ ಊಟಕ್ಕೆ ವಯಸ್ಸಿನ ಮಿತಿ ಇಟ್ಟಿರುವುದಕ್ಕೆ ಕೊಡುವ ಕಾರಣವೂ ಇದೇ. ಬಾರ್ ಪ್ರಧಾನವಾದ ಜಾಗಗಳಿಗೆ ಅದು ಸರಿ. ಮದ್ಯ ಸೇವನೆಗೆ 25 ವರ್ಷ ತುಂಬಿರಬೇಕಾದ ದೆಹಲಿಯಲ್ಲಿ ಅಂಥ ಜಾಗದಲ್ಲಿ ಮಗುವಿಗೇನು ಕೆಲಸ? ಊಟವೇ ಪ್ರಧಾನವಾದಲ್ಲಿ ಮಾತ್ರ ವಯಸ್ಸಿನ ಬೇಲಿಗಿಂತ ಹೊತ್ತಿನ ವಿಂಗಡಣೆ ಉತ್ತಮ ದಾರಿ. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಹೊರಗೆ ಅಡ್ಡಾಡಿ ಬರುವುದು ತಂದೆ ತಾಯಿಯ ಹೊಣೆ. ಅಷ್ಟರಲ್ಲಿ ಅವರ ತಟ್ಟೆ ಮುಚ್ಚಿ ಬೆಚ್ಚಗಿಡುವುದು ಹೋಟೆಲಿನ ಹೊಣೆ.

ಖರ್ಚಿನ ಲೆಕ್ಕ ಮೊದಲೇ ಗೊತ್ತಿದ್ದರೆ ಒಳ್ಳೆಯದು. ದಿನದ ಕೋಣೆ ಬಾಡಿಗೆ 7,500 ರೂಪಾಯಿ ದಾಟುವ ಹೋಟೆಲುಗಳೊಳಗಿನ ರೆಸ್ಟೋರೆಂಟುಗಳಲ್ಲಿ ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಹೊರಗಿನ ಸಾಮಾನ್ಯ ರೆಸ್ಟೋರೆಂಟುಗಳಲ್ಲಿ ಶೇ 5. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಅದನ್ನು ಸೇರಿಸಿದ್ದರೆ ತೆಗೆಸಬಹುದು. ಬಫೆಯಲ್ಲಿ ಐದಾರು ವರ್ಷದೊಳಗಿನವರಿಗೆ ಉಚಿತ, ಹನ್ನೆರಡರವರೆಗೆ ಅರ್ಧ ದರ ಎಂಬ ಪದ್ಧತಿ ಹಲವು ಹೋಟೆಲುಗಳಲ್ಲಿದೆ. ಮೆನು ನೋಡಿ ಆರ್ಡರ್ ಮಾಡುವ ರೆಸ್ಟೋರೆಂಟುಗಳಲ್ಲಿ ಅಂಥ ರಿಯಾಯಿತಿ ಸಾಮಾನ್ಯವಾಗಿ ಇರುವುದಿಲ್ಲ, ಅರ್ಧ ಪ್ಲೇಟನ್ನು ಕೇಳಿಯೇ ಪಡೆಯಬೇಕು.

ಮಕ್ಕಳೊಡನೆ ದೆಹಲಿಗೆ ಹೊರಟಿರುವ ಓದುಗರು ಚಾಣಕ್ಯಪುರಿಯ ದೊಡ್ಡ ರೆಸ್ಟೋರೆಂಟುಗಳನ್ನು ಪಟ್ಟಿಯಿಂದ ಹೊಡೆದುಹಾಕಬೇಕಿಲ್ಲ. ಎರಡು ದಿನ ಮೊದಲೇ ಫೋನ್ ಮಾಡಿ ಮಗುವಿನ ವಯಸ್ಸು, ಅಲರ್ಜಿ, ಬರುವ ಹೊತ್ತು ಹೇಳಿ, ಏಳು ಗಂಟೆಗೆ ಗೋಡೆಬದಿಯ ಟೇಬಲ್ ಕಾಯ್ದಿರಿಸಿ, ಮಗುವಿನ ಊಟ ಮೊದಲು ಬರಲಿ ಎಂದು ತಿಳಿಸಿಡಿ. ಫೋನಿನಲ್ಲೇ ಗೊಣಗುವ ಜಾಗಕ್ಕೆ ಹೋಗಬೇಡಿ. ಸೋಮವಾರ ರೈಲು ಮ್ಯೂಸಿಯಂಗೆ ರಜೆ ಎಂಬುದೂ ನೆನಪಿರಲಿ.